ಸಹಾಯ ಬೇಕು: ಹಳೇ ನೆಗೆಟಿವ್‌ಗಳಿಂದ ವಿನೆಗರ್ ವಾಸನೆ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೇ ಪೆಟ್ಟಿಗೆಯೊಂದರಲ್ಲಿ ಒಂದು ಕಟ್ಟು ಕಪ್ಪು-ಬಿಳುಪು ನೆಗೆಟಿವ್‌ಗಳು ಸಿಕ್ಕಿವೆ. ಯಾರು ತೆಗೆದದ್ದು, ಯಾವಾಗ ಅಂತ ಎಲ್ಲೂ ಬರೆದಿಲ್ಲ.

ಹೆಚ್ಚಿನವುಗಳ ಅಂಚಿನಲ್ಲಿ ‘ಸೇಫ್ಟಿ’ ಅಂತ ಅಚ್ಚಾಗಿದೆ. ಹಾಗಾಗಿ ಅವುಗಳ ತಳದ ಪ್ಲಾಸ್ಟಿಕ್ ಸುಲಭವಾಗಿ ಬೆಂಕಿ ಹಿಡಿಯುವ ನೈಟ್ರೇಟ್ ಅಲ್ಲ, ಅಸಿಟೇಟ್ ಇರಬೇಕು. ಕವರ್ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಫಿಲ್ಮ್ ಒಳಗಿಂದಲೇ ಒಡೆದು ಅಸಿಟಿಕ್ ಆಮ್ಲ ಬಿಡುತ್ತಿದೆ ಅಂತ ಅರ್ಥ. ಶುರುವಾದ ಮೇಲೆ ಇದನ್ನು ಸರಿ ಮಾಡಲಾಗುವುದಿಲ್ಲ, ತಂಪಾಗಿ, ಒಣಗಿದ ಕಡೆ ಇಟ್ಟು ನಿಧಾನ ಮಾಡಬಹುದು ಅಷ್ಟೇ.

ಒಂದರಲ್ಲಿ ಮಗು ಎತ್ತಿಕೊಂಡ ಹೆಂಗಸು ಇದ್ದಾರೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅಂಚಿನ ಸುತ್ತ ನೀಲಿ ಬೆರೆತ ಕನ್ನಡಿಯಂಥ ಹೊಳಪು ಕಾಣುತ್ತದೆ. ಚಿತ್ರ ಮೂಡಿಸಿರುವ ಬೆಳ್ಳಿ ಮೇಲಕ್ಕೆ ಬಂದಿರುವ ಗುರುತು ಅದು. ಒಂದು ಬದಿಯಲ್ಲಿ ತಳದ ಪ್ಲಾಸ್ಟಿಕ್ ಕುಗ್ಗಿ, ಮೇಲಿನ ಪದರ ಸಣ್ಣ ಸಣ್ಣ ಕಾಲುವೆಗಳಾಗಿ ಎದ್ದಿದೆ. ಮುಖಗಳು ಮಾತ್ರ ಇನ್ನೂ ಸ್ಪಷ್ಟವಾಗಿವೆ. ಅವು ಹೋಗುವ ಮೊದಲೇ ಉಳಿಸಿಕೊಳ್ಳಬೇಕು ಅಂತ ತುಂಬಾ ಆಸೆ.

ಈ ಎದ್ದ ಪದರವನ್ನು ಗಾಜಿನ ಕೆಳಗೆ ಒತ್ತಿ ಸ್ಕ್ಯಾನ್ ಮಾಡಿದರೆ ಬಿರುಕು ಬಿಡುತ್ತದಾ? ಕ್ಯಾಮೆರಾದಲ್ಲಿ, ಹಿಂದಿನಿಂದ ಬೆಳಕು ಕೊಟ್ಟು ತೆಗೆಯುವುದೇ ವಾಸಿ ಅಲ್ವಾ? ಇನ್ನು ಕೆಲವಕ್ಕೆ ಅಂಚಿನ ಬರಹವೇ ಇಲ್ಲ, ಹಳದಿಯಾಗಿ ಅಂಟಂಟಾಗಿವೆ. ನೈಟ್ರೇಟ್ ಇರಬಹುದು ಅಂತ ಅವನ್ನು ಬೇರೆಯಾಗಿ, ಬಿಸಿ ತಾಗದ ಕಡೆ ಇಟ್ಟಿದ್ದೇನೆ. ತುಂಡು ಸುಟ್ಟು ನೋಡುವ ಪರೀಕ್ಷೆ ಬಿಟ್ಟು ಬೇರೆ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.