ಫಿಲ್ಟರ್ ಹಾಕಿಲ್ಲರೀ ಕಾಕಾ
ಕಾಕಾ, ನೀವು ಗ್ರೂಪಿನ್ಯಾಗ ಮೂರೂ ಫೋಟೋ ಬ್ಯಾರೆ ಬ್ಯಾರೆ ಬೀಚಿಂದು, ಇಲ್ಲಾಂದ್ರ ಫಿಲ್ಟರ್ ಹಾಕೀ ಅಂದ್ರಲ್ಲ, ದೇವ್ರಾಣಿ ಹಾಕಿಲ್ಲ. ಮೂರೂ ದಕ್ಷಿಣ ಗೋವಾದ ಗಾಲ್ಜಿಬಾಗ ಬೀಚಿಂದ, ಒಂದ ದಿನದ್ದು, ಮೊನ್ನೆ ಅಮಾಸಿ ದಿನ ಮಡಗಾಂವದಿಂದ ನಸುಕಿನ್ಯಾಗ ಬಿಟ್ಟು ಕಾಣಕೋಣ ದಾಟಿ ಹೋಗಿದ್ವಿ. ಅತ್ಲಾಗ ತಳಪಣ ನದಿ, ಇತ್ಲಾಗ ಗಾಲ್ಜಿಬಾಗ ನದಿ, ನಡುವ ಉಸುಕು, ಹಿಂದ ಗಾಳಿಮರ, ಗದ್ದಲ ಭಾಳ ಕಡಿಮಿ.

ಆ ಬೂದಿ ಬಣ್ಣದ್ದು ಮುಂಜಾನೆ 7.30ಕ್ಕ ತಗದದ್ದು. ಬೀಚಿನ ಮಾರಿ ಪಶ್ಚಿಮಕ್ಕ, ಸೂರ್ಯ ಹಿಂದಿನ ಗುಡ್ಡ ಹತ್ತಿ ಬರಬೇಕು, ಹಿಂಗಾಗಿ ಬಿಸಲು ಬೀಳೂದು ತಡ, ಆವಾಗ ಗಾಳೀನೂ ನೆಲದ ಕಡಿಂದ ಬೀಸ್ತದ, ನೀರು ನಮ್ಮ ಧಾರವಾಡದ ಸಾಧನಕೇರಿ ಕೆರಿ ಹಂಗ ಸುಮ್ಮನ ಮಲಗಿತ್ತು. ಹಸರು ನೀರಿಂದು 12 ಗಂಟೆದ್ದು, ಸೂರ್ಯ ಮ್ಯಾಲಿದ್ದಾಗ ಬೆಳಕು ನೆಟ್ಟಗ ಒಳಗ ಇಳದು ತಳದ ಉಸುಕು ಕಾಣ್ತದ. ಒಂದ ತಾಸಿನ್ಯಾಗ ನೆಲ ಕಾಯ್ದು ಗಾಳಿ ಉಲ್ಟಾ ಹೊಡೀಲಿಕ್ಕೆ ಹತ್ತಿತು, ಸಮುದ್ರ ತುಂಬ ಬಿಳಿ ನೊರಿ, ವೈನಿ ಕಲಸಿದ ಗಿರಮಿಟ್ಟಿನ ತುಂಬ ಉಸುಕು, ಅವರ ಸಿಟ್ಟು ಇನ್ನೂ ಇಳದಿಲ್ಲ.

ಹಾಂ, ಫೋಟೋದಾಗ ಉಸುಕಿನ ಮ್ಯಾಲೆ ಕಾಣೋ ಆ ಕರೀ ಪಟ್ಟಿ ಎಣ್ಣಿ ಅಲ್ರೀ. ಮಳಿಗಾಲದ ಮುಂಚೆ ಇಲ್ಲಿ ಡಾಂಬರಿನಂಥಾ ಉಂಡಿ ಬಂದು ಬೀಳ್ತಾವ ಖರೆ, ಆದ್ರ ಅವು ಕಾಲಿಗೆ ಅಂಟತಾವ. ಇದು ಭಾರದ ಉಸುಕು, ಕಬ್ಬಿಣದ ಅಂಶ ಇರತದ, ತೆರಿ ಹಗರ ಕಾಳು ಎಳಕೊಂಡು ಹೋದಾಗ ಇದು ಹಿಂದ ಉಳೀತದ.

ಮೂರನೇದು ಕೆಂಪಂದು. ಸೂರ್ಯ ಕೆಳಗಿಳದಂಗ ಬೆಳಕು ಭಾಳ ಗಾಳಿ ಹಾದು ಬರಬೇಕಾಗ್ತದ, ನೀಲಿ ದಾರ್ಯಾಗ ಚದರಿ ಹೋಗಿ ಕೆಂಪು ನಮಗ ಮುಟ್ಟತದ. ಅದರಾಗ ಸಂಜಿಗೆ ನೀರು ಇಳದಿತ್ತು, ನೀರು ಏರಿ ಇಳಿಯೂದಕ್ಕ ಇಲ್ಲಿ ಮಂದಿ ಭರತಿ-ಸುಕತಿ ಅಂತಾರ, ಹಸೀ ಉಸುಕು ಕನ್ನಡಿ ಆಗಿಬಿಟ್ಟಿತ್ತು. ನನಗ ಕೇಳಿದ್ರ ಸೂರ್ಯ ಮುಳುಗಿ ಹದಿನೈದ ನಿಮಿಷಕ್ಕ, ಮಂದಿ ಎಲ್ಲಾ ಗಾಡಿ ಹತ್ತಿದ ಮ್ಯಾಲೆ ಬರೋ ಬಣ್ಣನ ಖರೇ ಚಂದ.

ನಾಲ್ಕನೇದು ಎಲ್ಲಿ ಅಂದ್ರ, ಇಲ್ಲ. ಕತ್ತಲಾದಮ್ಯಾಲೆ ತೆರಿ ಮುರಿದಾಗೊಮ್ಮೆ ನೀಲಿ ಗೆರಿ ಮಿಂಚತಿತ್ತು, ನೀರಾಗಿನ ಸಣ್ಣ ಸಣ್ಣ ಜೀವಿ ಅವು. ನಾನು ಫೋನಿನ ಟಾರ್ಚ್ ಹಚ್ಚಿದ್ದಕ್ಕ ಅರಣ್ಯ ಇಲಾಖೆಯವರೊಬ್ರು ಓಡಿ ಬಂದು ಆರಸ್ರಿ ಅಂದ್ರು, ಅಲ್ಲಿ ಆಲಿವ್ ರಿಡ್ಲೆ ಆಮಿ ತತ್ತಿ ಇಡ್ತಾವ, ಮರಿ ಹೊರಗ ಬಂದಾಗ ಸಮುದ್ರದ ಬೆಳಕು ನೋಡಿ ನೀರಿಗೆ ಹೋಗ್ತಾವ, ನಮ್ಮ ಟಾರ್ಚ್ ಕಂಡ್ರ ಇತ್ಲಾಗ ತಿರಗತಾವ. ನಾಚಿಕಿ ಆತು, ಫೋನ್ ಕಿಸೆಕ್ಕ ಹಾಕಿ ಸುಮ್ಮನ ಕೂತೆ.