ಕಂಬ ಕಂಡಲ್ಲೆಲ್ಲ ಬಿಸಿನೆಲವಲ್ಲ (ಸಿವಿಲ್ ಬ್ಯಾಚ್ ಗುಂಪು)

ನಾಗರಾಜ: [ಫೋಟೊ] ಫಾರ್ವರ್ಡ್: ಇಂಗ್ಲೆಂಡಿನ ಹೌಸ್‌ಸ್ಟೆಡ್ಸ್ ಕೋಟೆ, ಹೇಡ್ರಿಯನ್ ಗೋಡೆ (ರೋಮನ್ನರ ಗಡಿಗೋಡೆ). ರೋಮನ್ ಸೈನಿಕರ ಕೋಣೆಗೆ ನೆಲದಡಿಯಿಂದ ಬಿಸಿ! 🔥

ಶೈಲಜಾ: ಅದು ಕಣಜ ಮಾರಾಯ. ಕೋಣೆನೂ ಅಲ್ಲ, ಬಿಸಿನೂ ಇಲ್ಲ.

ನಾಗರಾಜ: ಸಾಲುಗಂಬ, ಅದರ ಮೇಲೆ ನೆಲ. ಹೈಪೊಕಾಸ್ಟ್, ಅಂದ್ರೆ ರೋಮನ್ನರ ಬಿಸಿನೆಲ, ಅದೇ ತಾನೆ? ಅದೇ ಕೋಟೆಯ ಕಮಾಂಡರ್ ಮನೆಯಲ್ಲೂ ಇಂಥ ಕಂಬ ಇವೆ.

ಶೈಲಜಾ: ಅಲ್ಲಿರೋದು ನಿಜವಾದ ಹೈಪೊಕಾಸ್ಟೇ. ಕಂಬ ಬಿಡು, ಗಾಳಿಯ ದಾರಿ ನೋಡು. ಬಿಸಿನೆಲಕ್ಕೆ ಒಲೆಬಾಯಿ ಬೇಕು, ನೆಲದಡಿ ಸುತ್ತ ಮುಚ್ಚಿರಬೇಕು, ಹೊಗೆ ಮೇಲೇರಿ ಹೋಗೋಕೆ ದಾರಿ ಬೇಕು. ಕಣಜದ ಗೋಡೆಯಲ್ಲಿ ನೆಲಕ್ಕಿಂತ ಕೆಳಗೆ ನೇರ ಹೊರಗೆ ತೆರೆದ ಕಿಂಡಿಗಳಿವೆ. ಅಲ್ಲಿ ಬೆಂಕಿ ಹಾಕಿದ್ರೆ ಗುಡ್ಡಕ್ಕೆ ಬಿಸಿ, ಕೋಣೆಗಲ್ಲ.

ಇಕ್ಬಾಲ್: ಗೋಡೆಗೆ ಹೊರಗಿಂದ ಕಟ್ಟಿದ ಆಸರೆಗಂಬ, ಬಟ್ರೆಸ್, ನೋಡು ನಾಗ. ಸುರಿದ ಧಾನ್ಯ ಗೋಡೆಯನ್ನ ಪಕ್ಕಕ್ಕೆ ತಳ್ಳುತ್ತೆ, ಅದಕ್ಕೇ ಅದು.

ಶೈಲಜಾ: ಅದನ್ನ ಒಪ್ಪಲ್ಲ ಇಕ್ಬಾಲ್. ಚೀಲದಲ್ಲೋ ಪೆಟ್ಟಿಗೆಯಲ್ಲೋ ಇಟ್ಟಿದ್ರೆ ಆ ಒತ್ತಡ ಎಲ್ಲಿಂದ ಬರುತ್ತೆ? ಭಾರದ ಚಾವಣಿಗೂ ಬಟ್ರೆಸ್ ಬೇಕಾಗುತ್ತೆ. ನನಗೆ ಕಿಂಡಿಯೇ ಗಟ್ಟಿ ಸಾಕ್ಷಿ. ಅಡಿಯಿಂದ ಗಾಳಿ ಆಡದಿದ್ರೆ ತೇವ ಏರುತ್ತೆ, ರಾಶಿ ಒಳಗೊಳಗೇ ಬಿಸಿಯಾಗುತ್ತೆ, ಬೂಷ್ಟು, ನುಸಿ. ಇಂಗ್ಲೆಂಡಿನ ಯಾರ್ಕ್ ನಗರದ ಕೋನಿ ಸ್ಟ್ರೀಟಿನ ರೋಮನ್ ಉಗ್ರಾಣದಲ್ಲಿ ನುಸಿ ಎಷ್ಟಿತ್ತೆಂದ್ರೆ ಮೇಲೆ ಜೇಡಿಮಣ್ಣು ಹಾಸಿ ಮುಚ್ಚಿ ಮತ್ತೆ ಕಟ್ಟಿದ್ರು.

ಇಕ್ಬಾಲ್: ಚಾವಣಿ ವಾದ ಸರಿ, ಆದ್ರೆ ಎಲ್ಲ ಚೀಲದಲ್ಲೇ ಇತ್ತು ಅನ್ನೋಕೂ ನಿನ್ನ ಹತ್ರ ಆಧಾರ ಇಲ್ಲ. 3ನೇ ಶತಮಾನದಲ್ಲಿ ಅಲ್ಲಿದ್ದ ರೋಮನ್ ಸೈನ್ಯದ ತುಂಗ್ರಿಯನ್ ದಳ ಲೆಕ್ಕಕ್ಕೆ ಸುಮಾರು 800 ಜನ. ದಾಸ್ತಾನು ಸಣ್ಣದಲ್ಲ.

ನಾಗರಾಜ: ಸುಟ್ಟ ಕುಲುಮೆ ಒಂದಿದೆಯಂತಲ್ಲ ಆ ಕೋಟೆಯಲ್ಲಿ?

ಶೈಲಜಾ: ದಕ್ಷಿಣ ಬಾಗಿಲ ಕಾವಲು ಕೋಣೆಯಲ್ಲಿರೋದು, ಧಾನ್ಯ ಒಣಗಿಸೋ ಗೂಡು. ರೋಮನ್ನರು ಹೋಗಿ ಶತಮಾನಗಳಾದ ಮೇಲೆ, ಆ ಬಾಗಿಲಿಗೆ ಆನಿಸಿ ಕೋಟೆಮನೆ ಕಟ್ಟಿಕೊಂಡ ಕಾಲದ್ದು. ಕಣಜಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಣಜದಲ್ಲೇ ಆದ ಬದಲಾವಣೆ ಬೇರೆ: ಮೊದಲು ಅದು ಅಗಲದ ಒಂದೇ ಕಟ್ಟಡ, ನಡುವೆ ಕಂಬಸಾಲು. ಆಮೇಲೆ ನಡುಗೋಡೆ ಕಟ್ಟಿ ಎರಡು ಮಾಡಿದ್ರು.

ನಾಗರಾಜ: ಹಾಗಾದ್ರೆ ಪಾಪ ಸೈನಿಕರಿಗೆ ಬಿಸಿನೀರು?

ಇಕ್ಬಾಲ್: ಸ್ನಾನದ ಮನೆ ಕೋಟೆಯ ಹೊರಗೆ, ಕೆಳಗೆ ನ್ಯಾಗ್ ಬರ್ನ್ ಹಳ್ಳದ ದಡದಲ್ಲಿ. ಕೋಟೆ ಇರೋದು ಬಂಡೆಯ ಏಣಿನ ಮೇಲೆ, ಅಲ್ಲಿ ಮಳೆನೀರು ಹಿಡಿಯೋ ಕಲ್ಲುತೊಟ್ಟಿಗಳೇ ಗತಿ. ಶೌಚಾಲಯವನ್ನೂ ಅದಕ್ಕೇ ಆಗ್ನೇಯ ಮೂಲೆಯ ತಗ್ಗಿನಲ್ಲಿ ಕಟ್ಟಿದ್ದಾರೆ: ಮೇಲಿನ ನೀರೆಲ್ಲ ತಾನಾಗೇ ಅಲ್ಲಿಗೆ ಇಳಿಯುತ್ತೆ.

ಶೈಲಜಾ: ನಾಗ, ಫಾರ್ವರ್ಡ್ ಮಾಡಿದ ಉಳಿದ ಗುಂಪುಗಳಲ್ಲೂ ಶೀರ್ಷಿಕೆ ತಿದ್ದು.