ಅಪ್‌ಡೇಟ್: ಹಳೇ ಸೋಲಾರ್ ಪ್ಯಾನೆಲ್ ಹಾಕಿದ್ದಾಯ್ತು

ದನ ಸಾಕುವ ನಮ್ಮ ಸಣ್ಣ ಜಮೀನಿಗೆ ಸೆಕೆಂಡ್‌ಹ್ಯಾಂಡ್ ಸೋಲಾರ್ ಹಾಕಬಹುದಾ ಅಂತ ಕೇಳಿದ್ದೆ, ಅಲ್ವಾ? ಹಾಕಿದೆವು. 250 ವ್ಯಾಟ್‌ನ 8 ಪ್ಯಾನೆಲ್, ನೀರಿನ ಪಂಪಿಗೆ.

ನೀವು ಹೇಳಿದಂತೆ ಒಂದೊಂದನ್ನೂ ಬಿಸಿಲಲ್ಲಿಟ್ಟು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಸಾಧನ) ಹಿಡಿದು ನೋಡಿದೆ. ಏಳರಲ್ಲಿ 36 ವೋಲ್ಟ್ ಹತ್ತಿರ ಬಂತು. ಒಂದರಲ್ಲಿ ಬರೀ 24! ಸರಿಯಾಗಿ ಮೂರನೇ ಒಂದು ಭಾಗ ಕಡಿಮೆ. ಪ್ಯಾನೆಲ್ ಬೆನ್ನಿಗಿರುವ ವೈರಿನ ಡಬ್ಬಿ ಬಿಚ್ಚಿದರೆ, ಮೂರು ಬೈಪಾಸ್ ಡಯೋಡ್‌ಗಳಲ್ಲಿ (ಪ್ಯಾನೆಲ್‌ನ ಒಂದು ಭಾಗಕ್ಕೆ ನೆರಳು ಬಿದ್ದರೆ ಆ ಭಾಗ ಬಿಟ್ಟು ಕರೆಂಟ್ ಹರಿಯಲು ದಾರಿ ಕೊಡುವ ಬಿಡಿಭಾಗ, ಮೂರನೇ ಒಂದು ಭಾಗಕ್ಕೆ ಒಂದರಂತೆ) ಒಂದು ಶಾರ್ಟ್ ಆಗಿ ಕಪ್ಪಗಾಗಿತ್ತು; ಅದಕ್ಕೇ ಆ ಭಾಗದ ವೋಲ್ಟ್ ಬರುತ್ತಿರಲಿಲ್ಲ. ಬದಲಾಯಿಸಿದ ಮೇಲೆ ಅದೂ 36ಕ್ಕೆ ಬಂತು. ಎಷ್ಟು ಖುಷಿಯಾಯ್ತು ಗೊತ್ತಾ!

ಹಳೇ ಬ್ಯಾಟರಿ ಮಾತ್ರ ಬೇಡವೇ ಬೇಡ ಅನ್ನಿಸಿತು. ಹಗಲು ಪಂಪ್ ಓಡಿಸಿ ಎತ್ತರದ ಟ್ಯಾಂಕ್ ತುಂಬಿಸುತ್ತೇವೆ. ರಾತ್ರಿ ತೊಟ್ಟಿಗೆ ನೀರು ತಾನಾಗೇ ಇಳಿಯುತ್ತದೆ.

ದನಗಳು ಪ್ಯಾನೆಲ್ ನಿಲ್ಲಿಸಿದ ಚೌಕಟ್ಟಿಗೆ ಮೈ ಉಜ್ಜಲು ಶುರುಮಾಡಿದ್ದವು. ಈಗ ಸುತ್ತ ಬೇಲಿ ಹಾಕಿದ್ದೇವೆ.